ಅಳಿಸಿದ ಮಳೆ

ಹಳ್ಳದ ಈ ಬದಿಯ ಶಾಲೆಯಲ್ಲಿ ನಾಲ್ಕು, ಐದನೇ ತರಗತಿ ಸೇರಿ ಹದಿನಾಲ್ಕು ಮಕ್ಕಳಿದ್ದರು. ದತ್ತಾಂಶದ ಪಾಠ ಬಂದಾಗ ಸುಪ್ರಿಯಾ ಟೀಚರ್ ಪುಸ್ತಕದ ಹಣ್ಣುಗಳ ಲೆಕ್ಕ ಬಿಟ್ಟು ಮಳೆಯನ್ನು ಹಿಡಿದಳು. ಒಂದು ಇಂಚಿಗೆ ನೂರು ಸೆಂಟ್ ಎಂಬುದನ್ನು ತೋಟದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಚೆ ಬದಿಯ ಎಸ್ಟೇಟಿನ ಸೋಮಶೇಖರಪ್ಪನವರು ಒಂದು ಮಳೆಮಾಪಕ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಪಟ್ಟಿಯಲ್ಲಿ ಬರೆಯಬೇಕು, ಆಮೇಲೆ ಹತ್ತು ಸೆಂಟಿಗೆ ಒಂದರಂತೆ ಗೋಡೆಯ ಚಾರ್ಟಿನಲ್ಲಿ ನೀಲಿ ಚೌಕ ಅಂಟಿಸಬೇಕು.

ಅಳೆಯುವ ಕೆಲಸ ನಾಲ್ಕನೇ ತರಗತಿಯ ಧನ್ಯಾಳಿಗೆ ಬಿತ್ತು. ಅವಳ ಅಪ್ಪ ಹಾಲೇಶನ ಮನೆ, ಎರಡೆಕರೆ ರೋಬಸ್ಟಾ ಕಾಫಿ ತೋಟ, ಎರಡೂ ಶಾಲೆಯ ಬೆನ್ನಿಗೇ ಇದ್ದವು. ಉಳಿದವರೆಲ್ಲ ಹಳ್ಳದಾಚೆ ಎಸ್ಟೇಟಿನ ಕೂಲಿಮನೆಗಳ ಲೈನಿನ ಮಕ್ಕಳು.

"ಕಣ್ಣಿನ ನೇರಕ್ಕೆ ಹಿಡಿದು ನೋಡ್ಬೇಕು. ಇದ್ದದ್ದನ್ನ ಇದ್ದ ಹಾಗೆ ಬರೀಬೇಕು," ಎಂದು ಸುಪ್ರಿಯಾ ಹೇಳಿಕೊಟ್ಟಿದ್ದಳು.

ಮಾರ್ಚ್ ತಿಂಗಳ ಒಂದು ಮಂಗಳವಾರ. ಸುಪ್ರಿಯಾ ಆಲ್ದೂರಿನ ತನ್ನ ಮನೆಯಿಂದ ಹೊರಟು ಬಸ್ಸಿಳಿದು ಬರುವಷ್ಟರಲ್ಲಿ ಚಾರ್ಟಿನ ಮೇಲೆ ಆರು ನೀಲಿ ಚೌಕಗಳು ನಿಂತಿದ್ದವು. ಹಿಂದಿನ ಸಂಜೆ ಆಲ್ದೂರಿನಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

"ಇದೇನೇ ಧನ್ಯಾ?"

"ನಿನ್ನೆ ಸಂಜೆ ಬಂತು ಮಿಸ್."

"ನಮ್ಮ ಲೈನಲ್ಲಿ ಏನೂ ಬಂದಿಲ್ಲ ಮಿಸ್," ಎಂದ ಐದನೇ ತರಗತಿಯ ಕಲ್ಲೇಶ. "ಮೋಡ ಇವ್ಳ ಮನೆಗೆ ಮಾತ್ರ ನೆಂಟರ ಹಾಗೆ ಬಂದು ಹೋಗಿದೆ."

ಮಕ್ಕಳು ನಕ್ಕರು. ಹಿಂದಿನ ತಿಂಗಳು ಯಾರೋ ಮಾಪಕಕ್ಕೆ ನಲ್ಲಿ ನೀರು ಸುರಿದಿದ್ದು ಸುಪ್ರಿಯಾಳಿಗೆ ನೆನಪಾಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಿಮ್ಮಪ್ಪನಿಗೆ ಫೋನ್ ಮಾಡಿದಳು. ಅಲ್ಲಿನ ಮಳೆ ರಿಜಿಸ್ಟರು ನಲವತ್ತು ವರ್ಷದ್ದು. ಇವತ್ತಿನದು ಸೊನ್ನೆ ಎಂದ ಆತ.

"ಸುಳ್ಳು ಅಳತೆ ಬರೆಯೋದಕ್ಕಿಂತ ಬರೀದೇ ಇರೋದು ವಾಸಿ. ಅಳಿಸು," ಎಂದಳು ಸುಪ್ರಿಯಾ.

ಧನ್ಯಾ ಪಟ್ಟಿ ತೆರೆದಳು. ಪಟ್ಟಿಯಲ್ಲಿದ್ದ ಸಂಖ್ಯೆಯನ್ನು ರಬ್ಬರಿನಿಂದ ಉಜ್ಜಿ ಸೊನ್ನೆ ಬರೆದಳು. ಚೌಕಗಳನ್ನು ಕಿತ್ತು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತಳು. ಸಿಮೆಂಟಿನ ಅಂಗಳ ಒಣಗಿತ್ತು. ಬೇಲಿಯ ಬುಡದ ಮಣ್ಣನ್ನು ಮುಟ್ಟಿ ನೋಡಬೇಕೆಂದು ಸುಪ್ರಿಯಾಳಿಗೆ ಹೊಳೆಯಲಿಲ್ಲ.

ಶುಕ್ರವಾರ ಎರಡೂ ಬದಿಗೆ ತುಂತುರು ಬಿತ್ತು. ಶನಿವಾರ ಧನ್ಯಾ ಬರೆದ ಹದಿನೆಂಟು ಸೆಂಟ್ ಎಸ್ಟೇಟಿನ ಲೆಕ್ಕಕ್ಕೆ ಸರಿಯಾಗಿ ಕೂತಿತು. "ನೋಡು, ಗಮನ ಇಟ್ಟು ಅಳೆದ್ರೆ ಎಷ್ಟು ಚೆನ್ನಾಗಿ ಬರುತ್ತೆ," ಎಂದು ಸುಪ್ರಿಯಾ ಅವಳ ಬೆನ್ನು ತಟ್ಟಿದಳು.

ಮುಂದಿನ ಮಂಗಳವಾರ ಬಸ್ಸಿಳಿದಾಗ ಗಾಳಿಯ ತುಂಬ ಪರಿಮಳವಿತ್ತು. ಶಾಲೆಯ ಹಿಂದೆ ಹಾಲೇಶನ ತೋಟ ಹೂ ಬಿಟ್ಟು ಪೂರ್ತಿ ಬೆಳ್ಳಗಾಗಿ ನಿಂತಿತ್ತು. ಹಳ್ಳದಾಚೆ ಎಸ್ಟೇಟು ಬರೀ ಹಸಿರು. ಬಸ್‌ಸ್ಟಾಪಿನಲ್ಲಿ ತಿಮ್ಮಪ್ಪ ನಿಂತಿದ್ದ.

"ನೋಡಿದ್ರಾ ಮೇಡಂ? ಹಳ್ಳ ದಾಟ್ಲಿಲ್ಲ ನೋಡಿ ಮಳೆ. ಹೋದ ಸೋಮವಾರ ಸಂಜೆ ಈ ಕಡೆಗೆ ಮಾತ್ರ ಬಿದ್ದಿದೆ. ಒಳ್ಳೆ ಮಳೆ ಬಿದ್ರೆ ಎಂಟು ದಿನಕ್ಕೆ ಸರಿಯಾಗಿ ಕಾಫಿ ಹೂ."

"ಹಾಲೇಶ ಪಂಪ್ ಇಟ್ಟು ನೀರು ಹೊಡೆಸಿರಬಹುದಲ್ವಾ?" ಹಾಗೆ ಆಗಿದ್ದರೆ ಸಾಕು ಎನ್ನುವಂತೆ ಕೇಳಿದಳು.

"ಅವನ ಹತ್ರ ಎಲ್ಲಿದೆ ಪಂಪು? ಹೂಮಳೆಯೇ. ಪುಣ್ಯವಂತ ಮಾರಾಯ." ತಿಮ್ಮಪ್ಪ ನಕ್ಕ. "ಅವನ ಮಗಳೂ ಚುರುಕು. ನಾಕೈದು ದಿನದಿಂದ ಬೆಳಿಗ್ಗೆ ಆಫೀಸಿಗೆ ಓಡಿ ಬರ್ತಾಳೆ, ನಮ್ಮ ರೀಡಿಂಗ್ ಕೇಳ್ಕೊಂಡು ಹೋಗ್ತಾಳೆ. ನನ್ನ ಕೆಲ್ಸಕ್ಕೇ ಕಣ್ಣು ಹಾಕಿದ್ದೀಯೇನೇ ಅಂತ ಕೇಳ್ದೆ."

ಶನಿವಾರ ತಾನು ತಟ್ಟಿದ ಆ ಸಣ್ಣ ಬೆನ್ನು ಸುಪ್ರಿಯಾಳ ಅಂಗೈಗೆ ನೆನಪಾಯಿತು. ಶಾಲೆಯವರೆಗಿನ ದಾರಿಯಲ್ಲಿ ಅವಳು ಹೂವಿನ ಕಡೆ ತಿರುಗಲಿಲ್ಲ.

ಹಾಜರಿ ಮುಗಿಯುತ್ತಲೇ ಅವಳು ಮಕ್ಕಳಿಗೆ ಕಿಟಕಿ ತೋರಿಸಿದಳು. "ಹೋದ ಸೋಮವಾರ ಮಳೆ ಬಂದಿತ್ತು. ಧನ್ಯಾ ಬರೆದದ್ದು ಸರಿ. ಅಳಿಸಿದ್ದು ನನ್ನ ತಪ್ಪು."

ಕಲ್ಲೇಶ ತಲೆ ತಗ್ಗಿಸಿದ. ಸುಪ್ರಿಯಾ ಪಟ್ಟಿ ತೆರೆದಳು. ಸೊನ್ನೆಯ ಅಡಿಯಲ್ಲಿ ಕಾಗದ ಉಜ್ಜಿ ತೆಳ್ಳಗಾಗಿತ್ತು. ಆರು ಚೌಕಗಳಿದ್ದುದು ಅವಳಿಗೆ ನೆನಪಿತ್ತು. ಸಂಖ್ಯೆಯನ್ನು ಮಾತ್ರ ಅವಳು ಅಂದು ಓದಿಯೇ ಇರಲಿಲ್ಲ.

"ಎಷ್ಟಿತ್ತಮ್ಮಾ ಧನ್ಯಾ?"

"ನೀವೇ ಹೇಳಿ ಮಿಸ್. ಎಷ್ಟು ಬರೀಲಿ?"

"ನೀನು ನೋಡಿದ್ದು ಎಷ್ಟು?"

"ಅರವತ್ತರ ಮೇಲಿತ್ತು. ಅರವತ್ತೆರಡೋ, ನಾಕೋ... ಗೊತ್ತಿಲ್ಲ ಮಿಸ್. ಅರವತ್ತು ಅಂತ ಬರೀಲಾ? ನಿಮಗೆ ಅದು ಸರಿಯಾ?"

ಸುಪ್ರಿಯಾ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಪೆನ್ನು ತೆಗೆದುಕೊಂಡು ಸೊನ್ನೆಯನ್ನು ಹೊಡೆದುಹಾಕಿದಳು. ಅಲ್ಲಿ ಬೇರೆ ಸಂಖ್ಯೆ ಹಾಕದೆ ಪಕ್ಕದಲ್ಲಿ ಬರೆದಳು: 'ಮಳೆ ಬಂದಿತ್ತು. ಧನ್ಯಾ ಅಳೆದಿದ್ದಳು. ಟೀಚರ್ ಅಳಿಸಿದರು.' ಕೆಳಗೆ ಸಹಿ ಹಾಕಿದಳು. ಶನಿವಾರದ ಹದಿನೆಂಟರ ಮುಂದೆ 'ಇದು ಎಸ್ಟೇಟಿನ ಅಳತೆ' ಎಂದು ಬರೆದಳು.

"ಸಾಹೇಬ್ರು ತಪಾಸಣೆಗೆ ಬಂದ್ರೆ ಓದ್ತಾರಲ್ಲ ಮಿಸ್," ಎಂದಳು ಧನ್ಯಾ.

"ಓದ್ಲಿ."

ಮರುದಿನ ಸುಪ್ರಿಯಾ ಮೊದಲ ಬಸ್ಸಿಗೇ ಬಂದಳು. ಎಂಟು ಗಂಟೆಗೆ ಧನ್ಯಾ ಮಾಪಕದ ಗಾಜನ್ನು ಕಣ್ಣಿನ ನೇರಕ್ಕೆ ಹಿಡಿದಳು. ತಳದಲ್ಲಿ ಇಬ್ಬನಿಯ ಒಂದು ಹನಿಯೂ ಇರಲಿಲ್ಲ. ಅವಳು ಪೆನ್ಸಿಲನ್ನು ಪಟ್ಟಿಯ ಮೇಲಿಟ್ಟು, ಬರೆಯುವ ಮೊದಲು ಟೀಚರ್ ಮುಖ ನೋಡಿದಳು.

ಸುಪ್ರಿಯಾ ತನ್ನ ಮುಖ ಅವಳಿಗೆ ಕಾಣದಂತೆ ತಿರುಗಿ, ಪೆನ್ಸಿಲ್ ಓಡುವ ಸದ್ದಿಗಾಗಿ ಕಾಯುತ್ತ ನಿಂತಳು.