ನಾನು ಬಾಳೆಹಣ್ಣಲ್ಲ

ಮಿರ್ಚಿ ಭಜಿಗೆ ಕಡಲೆ ಹಿಟ್ಟು ಕಲಸುತ್ತಿದ್ದ ದುರ್ಗವ್ವ ಅರ್ಧಕ್ಕೇ ಎದ್ದಳು. ಕೈ ತೊಳೆದುಕೊಂಡು ಬಂದು ನನ್ನನ್ನು ನಾದಲು ಕುಳಿತಳು. ಮೆಣಸಿನಕಾಯಿ ಮುಟ್ಟಿದ ಮೇಲೆ ನನ್ನನ್ನು ಮುಟ್ಟಬಾರದು, ಖಾರ ತಗಲಿದರೆ ಮಗಳ ಕೈ ಉರಿದೀತು ಎಂಬುದು ಅವಳ ಎಚ್ಚರಿಕೆ.

ನಾನು ಮಕ್ಕಳು ಆಡುವ ಹಿಟ್ಟಿನ ಮುದ್ದೆ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಉಪ್ಪು, ಚಮಚ ಎಣ್ಣೆ, ಚಿಟಿಕೆ ಅರಿಶಿನ, ಬಿಸಿನೀರು. ಇಷ್ಟೇ ನನ್ನ ಕುಲಗೋತ್ರ. ಬಾಣಲೆಯ ತಳ ಬಿಡುವ ತನಕ ಒಲೆಯ ಮೇಲೆ ಮಗುಚಿ, ಆರಿದೆಯೋ ಇಲ್ಲವೋ ಎಂದು ದುರ್ಗವ್ವ ನನ್ನನ್ನು ತನ್ನ ಗಲ್ಲಕ್ಕೆ ಒತ್ತಿ ನೋಡಿದಳು.

ಅವಳ ಮಗಳು ಹುಲಿಗೆಮ್ಮನಿಗೆ ನಾಲ್ಕು ವರ್ಷ. ಭಜಿ ಬಂಡಿಯ ಹತ್ತಿರ ಆಡುವಾಗ ಕಾದ ಎಣ್ಣೆ ಬಲಗೈ ಮೇಲೆ ಬಿದ್ದಿತ್ತು. ಗಾಯ ಮಾಯಿತು, ಆದರೆ ಚರ್ಮ ಬಿಗಿದು ಬೆರಳುಗಳನ್ನು ಒಳಕ್ಕೆ ಎಳೆಯತೊಡಗಿತು. "ದಿನಾ ಮೆತ್ತನ ಹಿಟ್ಟು ಹಿಚುಕಸು. ಇಲ್ಲಾಂದ್ರ ಬೆರಳು ಹಂಗ ಮಡಚಿ ನಿಲ್ತಾವ ನೋಡವಾ" ಎಂದು ದವಾಖಾನೆಯ ಸಿಸ್ಟರ್ ಹೇಳಿದ್ದರು. ಮುಂಜಾನೆಯಿಂದ ಬಂಡಿ ನೂಕುವವಳಿಗೆ ಕೂತು ಹಿಚುಕಿಸಲು ಪುರಸೊತ್ತೆಲ್ಲಿ? ನನ್ನನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಮಗಳ ಜೊತೆ ಅಂಗನವಾಡಿಗೆ ಕಳಿಸಿದಳು.

ಮೊದಲ ದಿನಗಳನ್ನು ನೆನೆದರೆ ಈಗಲೂ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತದೆ. ಹುಲಿಗೆಮ್ಮ ಹಲ್ಲು ಕಚ್ಚಿ ಹಿಚುಕುವಳು. ಅವಳ ಬೆರಳ ಸಂದಿಯಿಂದ ನಾನು ಹೊರಗೆ ಉಕ್ಕುವೆ. ಉಳಿದ ಮಕ್ಕಳು ಮುತ್ತಿಕೊಂಡು ನನ್ನನ್ನು ಹಾವು ಮಾಡಿದರು, ರೊಟ್ಟಿ ಬಡಿದರು, ಚಕ್ರವಿಲ್ಲದ ಬಸ್ಸು ಮಾಡಿದರು. ಒಬ್ಬ ನನ್ನನ್ನು ನೆಕ್ಕಿ, ಉಪ್ಪೆಂದು ಉಗುಳಿದ. ಉಗುಳಲಿ ಬಿಡಿ. ನಾನು ಹುಟ್ಟಿದ್ದೇ ಅದಕ್ಕೆ.

ಆಗ ಮೇಲಿನ ಕಚೇರಿಯ ಸಾಹೇಬರು ಅಂಗನವಾಡಿ ನೋಡಲು ಬರುವ ಸುದ್ದಿ ಬಂತು. ಅಂಗನವಾಡಿಯ ಪ್ರೇಮಲೀಲಾ ಅಕ್ಕೋರು ಗಾಬರಿಯಾದರು. "ಆಟದ ಮೂಲ್ಯಾಗ ಏನೂ ಇಲ್ಲಲ್ಲೋ ಶಿವನ!" ಎನ್ನುತ್ತ ಹುಲಿಗೆಮ್ಮನ ಕೈಯಿಂದ ನನ್ನನ್ನು ಕಸಿದುಕೊಂಡರು. ಹಳದಿ ಮೈ ನೋಡಿ ಬಾಳೆಹಣ್ಣು ಮಾಡಿದರು. ಒಂದು ಚಿಪ್ಪು, ಐದು ಹಣ್ಣು. ಹೊಳಪಿಗೆಂದು ಮೇಲೆ ಉಗುರಿನ ಬಣ್ಣ ಬಳಿದರು. ಉಸಿರು ಕಟ್ಟಿತು ನನಗೆ. ಎದುರಿಗೆ ಒಂದು ಚೀಟಿ ಅಂಟಿಸಿದರು: 'ಮಕ್ಕಳೇ ತಯಾರಿಸಿದ್ದು'.

ನನಗೆ ಬಾಯಿದ್ದಿದ್ದರೆ ಆ ಚೀಟಿಯನ್ನು ಅಲ್ಲೇ ಅಗಿದು ಉಗುಳುತ್ತಿದ್ದೆ.

ಸಾಹೇಬರು ಬಂದರು. ಮಕ್ಕಳೆಲ್ಲ ಕೈ ಹಿಂದೆ ಕಟ್ಟಿ ಸಾಲಾಗಿ ನಿಂತಿದ್ದರು. "ಭಾಳ ಛಲೋ ಐತಿ!" ಎಂದು ಸಾಹೇಬರು ಫೋಟೋ ತೆಗೆದುಕೊಂಡರು. "ಇದು ಹಿಂಗ ಇರ್ಲಿ. ಸುತ್ತಿನ ಎಲ್ಲಾ ಅಂಗನವಾಡ್ಯಾಗೂ ಹಿಂಗ ಮಾಡಿ ಇಡಾಕ ಹೇಳ್ತೀನಿ. ಮುಟ್ಟಿ ಕೆಡಸಬಾರದು ಮತ್ತ."

ನನ್ನನ್ನು ಕಪಾಟಿನ ಮೇಲೆ ಏರಿಸಿದರು. ದಿನ ಕಳೆದಂತೆ ಒಣಗಿದೆ, ಬಿರಿದೆ, ಬಿರುಕಿನಲ್ಲಿ ಉಪ್ಪು ಬೆಳ್ಳಗೆ ಮೇಲೆದ್ದಿತು. ಕೆಳಗೆ ಹುಲಿಗೆಮ್ಮ ಬರಿಗೈಯಲ್ಲಿ ಕೂತಿರುತ್ತಿದ್ದಳು. ಅವಳ ಬೆರಳು ಒಂದೊಂದಾಗಿ ಮಡಚಿಕೊಳ್ಳುವುದನ್ನು ಮೇಲಿಂದ ನೋಡುವುದಷ್ಟೇ ನನ್ನ ಪಾಲಿಗೆ ಬಂತು.

ದೀಪಾವಳಿ ಕಳೆದ ಮೇಲೆ ದುರ್ಗವ್ವ ದವಾಖಾನೆಗೆ ಹೋಗಿ ಸಿಸ್ಟರ್ ಹತ್ತಿರ ಬೈಸಿಕೊಂಡು, ಮಗಳನ್ನು ಎಳೆದುಕೊಂಡು ನೇರ ಅಂಗನವಾಡಿಗೇ ಬಂದಳು.

"ಎಲ್ಲೈತ್ರೀ ಅಕ್ಕೋರ, ನನ್ನ ಹಿಟ್ಟು?"

ಹುಲಿಗೆಮ್ಮ ಕಪಾಟಿನ ಕಡೆ ಕತ್ತೆತ್ತಿದಳು.

"'ಹಿಟ್ಟು ಬಾಳಿಹಣ್ಣಾತು ಯವ್ವಾ' ಅಂತ ಕೂಸು ದಿನಾ ಹೇಳ್ತಿತ್ತು. ತಾನ ಮಾಡ್ಯಾಳಂತ ನಾ ಹಿಗ್ಗಿದೆ! ಬಂಡಿಗೆ ಬಂದವರಿಗೆಲ್ಲ ಹೇಳಿದೆ! ಇದಾ ಏನ್ರಿ ಆ ಬಾಳಿಹಣ್ಣು?"

"ದುರ್ಗವ್ವಾ, ಮ್ಯಾಲಿನವರು ಕೇಳ್ತಾರವಾ. ನನ್ನ ಪಾಡೂ..."

"ನಿಮ್ಮ ಪಾಡಿಗೆ ನನ್ನ ಮಗಳ ಕೈ ಬೇಕಾತೇನ್ರಿ? ಬರೀರಿ ನಿಮ್ಮ ಸಾಹೇಬ್ರಿಗೆ. ಇದು ಮಕ್ಕಳು ಮಾಡಿದ್ದಲ್ಲ, ಮಕ್ಕಳಿಗೆ ಮುಟ್ಟಾಕೂ ಕೊಟ್ಟಿಲ್ಲ ಅಂತ ಬರೀರಿ. ಎಲ್ಲಾ ಊರಾಗೂ ಹಿಂಗ ಕೂಸುಗಳ ಕೈ ಕಟ್ಟಸ್ತಾರಂತ!"

ಅಕ್ಕೋರು ಅಂದೇ ಪತ್ರ ಬರೆದರು. ಬರೆದು ಏನು ಬಂತು? ಲಕೋಟೆಗೆ ಹಾಕಿ, ಗಾಳಿಗೆ ಹಾರದಿರಲೆಂದು ನನ್ನ ಕೆಳಗೇ ಇಟ್ಟರು. ದುರ್ಗವ್ವ ಮಗಳನ್ನು ಬಂಡಿಯ ಹತ್ತಿರ, ಒಲೆಯಿಂದ ದೂರ ಕೂರಿಸಿಕೊಂಡು, ಹೊಸ ಹಿಟ್ಟು ಕಲಸಿ ತಾನೇ ಹಿಚುಕಿಸತೊಡಗಿದಳು. ಆದರೂ ಮೇಲಿಂದ ಮೇಲೆ ಬಂದು ಬಾಗಿಲಲ್ಲಿ ನಿಲ್ಲುವಳು. "ಹೋತೇನ್ರಿ ಪತ್ರ?" ಮುಂದಿನ ತಪಾಸಣೆ ಮುಗಿಯಲಿ ಎಂದರು ಅಕ್ಕೋರು. ಸಾಹೇಬರ ಮನೆಯಲ್ಲಿ ಮದುವೆ ಎಂದರು. ಸಂಕ್ರಾಂತಿಯೂ ಹೋಯಿತು. "ಗೋಂದು ಲಕೋಟಿಗೆ ಅಲ್ರೀ, ನಿಮ್ಮ ಕಾಲಿಗೆ ಹತ್ತೇತಿ" ಎಂದು ದುರ್ಗವ್ವ ಛೇಡಿಸಿ ಹೋದಳು. ಅಂಜಿಕೆ ಎಲ್ಲರಿಗೂ ಇರುತ್ತದೆ, ಒಪ್ಪುತ್ತೇನೆ. ಆದರೆ ಸುಳ್ಳು ಹಣ್ಣಾಗಿ ನಿಜದ ಮೇಲೆ ಕೂತವಳು ನಾನು. ಕ್ಷಮಿಸು ಎಂದು ನನಗೆ ಯಾರೂ ಹೇಳಬೇಡಿ.

ಬೇಸಿಗೆ ಹತ್ತಿರ ಬಂದಾಗ ದುರ್ಗವ್ವ ಮಗಳನ್ನು ಮತ್ತೆ ಅಂಗನವಾಡಿಗೆ ಬಿಟ್ಟಳು, ಹೊಸ ಹಿಟ್ಟಿನ ಡಬ್ಬಿಯ ಜೊತೆ. ಎರಡು ಬೆರಳು ಬಿಚ್ಚಿದ್ದವು. ಕೊನೆಯವೆರಡು ಅಂಗೈಗೆ ಒರಗಿಯೇ ಇದ್ದವು. ಅಕ್ಕೋರು ಅವಳೆದುರು ನೆಲದ ಮೇಲೆ ಕೂತು, ಹಿಟ್ಟನ್ನು ಚಾಚಿದರು. "ತಗೋ ಪುಟ್ಟಿ, ಹಿಚುಕು."

ಹುಲಿಗೆಮ್ಮ ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ಸಾಹೇಬ್ರು ಬಂದಾರೇನ್ರಿ?" ಎಂದು ಕೇಳಿದಳು.

ಅಕ್ಕೋರು ಹಿಟ್ಟನ್ನು ಅವಳ ಮುಂದೆ ನೆಲಕ್ಕಿಟ್ಟರು. ಆಮೇಲೆ ಎದ್ದು ಕಪಾಟಿನ ಮೇಲಿಂದ ನನ್ನನ್ನೂ ಲಕೋಟೆಯನ್ನೂ ಇಳಿಸಿ, ಇಬ್ಬರನ್ನೂ ಒಂದೇ ಕಾಗದದಲ್ಲಿ ಸುತ್ತಿ, ಮಧ್ಯಾಹ್ನದ ಬಿಸಿಲಲ್ಲೇ ಅಂಚೆ ಕಚೇರಿಗೆ ನಡೆದರು.

"ಏನೈತ್ರೀ ಒಳಗ?" ಎನ್ನುತ್ತ ಅಂಚೆಯವನು ತೂಕಕ್ಕಿಟ್ಟ. ಹರಿದ ಮೂಲೆಯಲ್ಲಿ ನನ್ನನ್ನು ಕಂಡು ನಕ್ಕ. "ಬಾಳಿಹಣ್ಣು ಪೋಸ್ಟಿನ್ಯಾಗ ಕಳಸ್ತಾರೇನ್ರಿ ಅಕ್ಕೋರ? ಕೊಳೀತಾವಲ್ರೀ!"

"ಬಾಳಿಹಣ್ಣಲ್ಲೋ ತಮ್ಮಾ," ಎಂದರು ಅಕ್ಕೋರು. "ಕೂಸಿನ ಕೈಯಾಗಿಂದ ನಾ ಕಸಗೊಂಡ ಹಿಟ್ಟು. ಕಳಸಿಬಿಡು."

ಈಗ ನಾನು ಅಂಚೆ ಚೀಲದ ಕತ್ತಲಲ್ಲಿದ್ದೇನೆ. ಮುದುಕಿಯಾಗಿದ್ದೇನೆ. ಒಂದು ಹಣ್ಣು ಆಗಲೇ ಮುರಿದಿದೆ. ಇನ್ನು ಯಾವ ಕೂಸಿಗೂ ನಾನು ಮೆತ್ತಗಾಗಲಾರೆ, ಆ ಎರಡು ಬೆರಳನ್ನು ಬಿಚ್ಚಿಸಲಾರೆ. ಆದರೆ ಸಾಹೇಬರ ಮೇಜಿನ ಮೇಲೆ ಪುಡಿಪುಡಿಯಾಗಿ ಬೀಳಬಲ್ಲೆ. ಅಲ್ಲಿಯ ತನಕ ನನ್ನ ಸಿಟ್ಟೇ ನನ್ನನ್ನು ಒಟ್ಟಾಗಿ ಹಿಡಿದಿರಲಿ.