ಗೆರೆಯಮ್ಮ

ಕೆಂಪು ಬಣ್ಣ ಕಂಡರೆ ಗೆರೆಯಮ್ಮನವರಿಗೆ ಮೊದಲು ಹುಟ್ಟುತ್ತಿದ್ದುದು ಸಂಶಯ. ಬಟ್ಟೆ ಅಂಗಡಿಯಲ್ಲಿ ಥಾನನ್ನು ಬಾಗಿಲ ಬಿಸಿಲಿಗೆ ತರಿಸಿ ನೋಡದೆ ಒಂದು ಗಜವನ್ನೂ ಕೊಂಡವರಲ್ಲ. ಮೊಮ್ಮಗಳ ಕೆನ್ನೆ ಕೆಂಪಾಯಿತೆಂದು ಸೊಸೆ ಗಾಬರಿಯಾದರೆ, ಜ್ವರವೋ ಬಿಸಿಲೋ ಥರ್ಮಾಮೀಟರ್ ಹೇಳಲಿ ಎನ್ನುತ್ತಿದ್ದರು.

ವೀಕ್ಷಣಾಲಯದಲ್ಲಿ ಅವರ ಪಕ್ಕದ ಮೇಜು ನನ್ನದು. ನಕ್ಷತ್ರದ ಬೆಳಕನ್ನು ಬಿಡಿಸಿ ಗಾಜಿನ ಫಲಕದ ಮೇಲೆ ಪಟ್ಟಿಯಾಗಿ ಮೂಡಿಸಿರುತ್ತಿದ್ದರು. ಆ ಪಟ್ಟಿಗೆ ಅಡ್ಡಲಾಗಿ ನಿಂತ ಸಣ್ಣ ಗೆರೆಗಳನ್ನು ಅಳೆದು, ಯಾವ ನಕ್ಷತ್ರಕ್ಕೆ ಎಷ್ಟು ಕಾವು, ಯಾವುದು ಎಳೆಯದು, ಯಾವುದಕ್ಕೆ ಮುಪ್ಪು ಎಂದು ಬರೆದಿಡುವುದು ಅವರ ಮೂವತ್ತೊಂದು ವರ್ಷಗಳ ಕೆಲಸ; ಗೆರೆಯಮ್ಮ ಎಂದು ನಾವಿಟ್ಟ ಅಡ್ಡಹೆಸರೂ ಅದರಿಂದಲೇ. ಗಾಜು ಹೊತ್ತು ಹೊತ್ತು, ರಸ್ತೆಯಲ್ಲೂ ಮೊಣಕೈಗಳನ್ನು ಪಕ್ಕೆಗೊತ್ತಿಕೊಂಡೇ ನಡೆಯುತ್ತಿದ್ದರು. ಮಾತಿಗೊಮ್ಮೆ "ಅಳೆದಿದೀರಾ?" ಎನ್ನುವುದು ಅವರ ಚಟ, ತಲೆನೋವೆಂದು ನಾನು ರಜೆ ಕೇಳಿದರೂ ಅದೇ ಪ್ರಶ್ನೆ.

ಬಿಸಿ ನಕ್ಷತ್ರ ನೀಲಿ, ತಣ್ಣಗಿನದು ಕೆಂಪು ಎಂದು ಹೊಸಬರು ಪಾಠ ಒಪ್ಪಿಸಿದರೆ ನಗುತ್ತಿದ್ದರು. ನಡುವೆ ಧೂಳಿನ ಮೋಡ ಅಡ್ಡ ಬಂದರೆ ನೀಲಿ ಚದುರಿಹೋಗಿ ಕೆಂಪೇ ಹೆಚ್ಚಾಗಿ ನಮ್ಮನ್ನು ತಲುಪುತ್ತದೆ. ಧೂಳು ಬಣ್ಣವನ್ನು ಕೆಡಿಸೀತು, ಗೆರೆಗಳನ್ನು ಅಳಿಸಲಾರದು ಎಂಬುದು ಅವರ ನಂಬಿಕೆಯ ತಳಪಾಯ.

ಇಂಥವರೂ ಎಡವಿದರು. ನಾಲ್ಕು ಸಾವಿರ ನಕ್ಷತ್ರಗಳ ಪಟ್ಟಿ, ಅವರ ಹೆಸರು ಹೊತ್ತು ಬರಲಿದ್ದ ಏಕೈಕ ಪುಸ್ತಕ, ಅಚ್ಚಿಗೆ ಹೊರಟಿತ್ತು. ನಿವೃತ್ತಿಗೆ ಮೂರು ತಿಂಗಳಿತ್ತು. ಕರಡು ತಿದ್ದುವಾಗ ಒಂದು ಸಾಲಿನಲ್ಲಿ ಅವರ ಕಣ್ಣು ನಿಂತಿತು. ಫಲಕ ತರಿಸಿ ನೋಡಿದರೆ, ಮುಪ್ಪಿನ ಕೆಂಪು ನಕ್ಷತ್ರವೆಂದು ತಾವೇ ಬರೆದದ್ದರಲ್ಲಿ ಮಸುಕಾಗಿ ಹೀಲಿಯಂ ಗೆರೆಗಳಿದ್ದವು. ಅವು ಕಡುಬಿಸಿಯ ಗುರುತು. ಅಷ್ಟು ಬಿಸಿಯಾಗಿ ಉರಿಯುವ ಭಾರೀ ನಕ್ಷತ್ರ ತನ್ನ ಇಂಧನವನ್ನು ಬೇಗನೆ ಮುಗಿಸಿಬಿಡುತ್ತದೆ. ಇನ್ನೂ ಹಾಗೆ ಉರಿಯುತ್ತಿದೆಯೆಂದರೆ ಹುಟ್ಟಿ ಹೆಚ್ಚು ಕಾಲವಾಗಿಲ್ಲ. ಅಂದು ಗೆರೆ ಸರಿಯಾಗಿ ಕಾಣದೆ, ಪಕ್ಕದಲ್ಲಿ ಸಿದ್ಧವಾಗಿದ್ದ, ಧೂಳು ಕೆಂಪಾಗಿಸಿದ್ದ ಬಣ್ಣದ ಅಂಕಿಯನ್ನೇ ನಂಬಿದ್ದರು.

"ಹಸುಗೂಸನ್ನ ಮುದುಕಿ ಅಂತ ಬರೆದಿಟ್ಟಿದೀನಿ ನೋಡಪ್ಪಾ," ಎಂದರು. ಅವರ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಒಂದು ಸಾಲು ತಿದ್ದಿ ಕಳಿಸಿಬಿಡಿ ಎಂದರು ನಿರ್ದೇಶಕರು.

"ಒಂದು ಹೀಗಾಗಿದ್ರೆ ಇನ್ನೂ ಇರುತ್ತೆ ಸರ್. ಮಸುಕಾದ ಫಲಕ ಎಲ್ಲಾನೂ ಮತ್ತೆ ಅಳೀಬೇಕು."

ಅದು ವರ್ಷದ ಕೆಲಸ. ಪಟ್ಟಿಯನ್ನು ಮುಗಿಸಿದವರ ಹೆಸರೇ ಪುಸ್ತಕಕ್ಕೆ ಎಂಬುದು ಅಲ್ಲಿನ ನಿಯಮ. ನಿರ್ದೇಶಕರು ಅದನ್ನು ಎರಡೆರಡು ಸಲ ನೆನಪಿಸಿದರು. ಗೊತ್ತು ಸರ್ ಎಂದು ಇವರು ಕರಡಿನ ಕಟ್ಟನ್ನು ಎತ್ತಿಕೊಂಡು ಬಂದೇಬಿಟ್ಟರು. ಮೂರು ತಿಂಗಳಲ್ಲಿ ಇನ್ನೂ ಹನ್ನೊಂದು ತಪ್ಪು ಹಿಡಿದರು. ಉಳಿದದ್ದನ್ನು ನಾನು ಮುಗಿಸಿದೆ, ಆರು ಸಿಕ್ಕವು.

ಪುಸ್ತಕದ ಮೇಲಿರುವುದು ನನ್ನ ಹೆಸರು. ಮುನ್ನುಡಿಯಲ್ಲಿ ಅವರನ್ನು ಎಷ್ಟು ನೆನೆದರೂ, ಪ್ರತಿ ಕೊಡಲು ಹೋದಾಗ ತಲೆ ಎತ್ತಲಾಗಲಿಲ್ಲ. ಅವರು ಮುಖಪುಟವನ್ನು ನೋಡಲೇ ಇಲ್ಲ. ನೇರವಾಗಿ ಆ ಸಾಲು ಹುಡುಕಿ ಓದಿದರು, ಮುಖ ಅರಳಿತು.

"ಈಗ ಅದರ ವಯಸ್ಸು ಸರಿಹೋಯ್ತು," ಎಂದು ಕಾಫಿ ಮಾಡಲು ಎದ್ದರು.

ತಾವು ಬರೆದದ್ದನ್ನು ತಾವೇ ಮೊದಲು ಅನುಮಾನಿಸುವ ಇಂಥವರು ಎಲ್ಲ ಕಚೇರಿಗಳಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ, ಹೆಸರಿಲ್ಲದೆಯೇ ಎದ್ದುಹೋಗುತ್ತಾರೆ. ಕಂಡರಿಯದ ಊರಿನಲ್ಲಿ ಯಾರೋ ಆ ಪುಸ್ತಕ ತೆರೆದು, ಯಾವುದೋ ಸಾಲಿನ ಮೇಲೆ ಬೆರಳಿಟ್ಟು, ನಿಶ್ಚಿಂತೆಯಿಂದ ಮುಂದಿನ ಲೆಕ್ಕಕ್ಕೆ ಹೋಗುತ್ತಾರಲ್ಲ, ಆ ನಿಶ್ಚಿಂತೆ ಇವರು ಕೊಟ್ಟದ್ದು.