ಯಾವ ತಿಂಗಳ ಹೊಳೆ

ನನಗೆ ಎಣಿಸಾಕೆ ಬರಲ್ಲ ಅಂತ ಮಾತ್ರ ತಿಳ್ಕೋಬೇಡಿ. ಹುಣಸೂರಿನ ಹೆಣ್ಮಕ್ಕಳ ಇಸ್ಕೂಲಲ್ಲಿ ನಾಲ್ಕನೇ ಕ್ಲಾಸು ಪಾಸಾದೋಳು ನಾನು, ಇಪ್ಪತ್ತರ ಮಗ್ಗಿ ತಪ್ಪಿಲ್ದಂಗೆ ಒಪ್ಪಿಸ್ತಿದ್ದೆ. ಆದ್ರೂ ಆ ಒಂದು ವರ್ಷ, ಕಾರ್ತೀಕ, ಮಾರ್ಗಶಿರ, ಪುಷ್ಯ, ಮೂರೇ ಮೂರು ತಿಂಗಳು, ನನ್ನ ಮೈಯಿನ ಲೆಕ್ಕ ನನಗೇ ತಪ್ಪೋಯ್ತು. ಹೆಂಗೆ ತಪ್ತು ಅಂತ ಕೇಳಿದ್ರೆ ಈಗಲೂ ತಲೆ ಗಿರ್ ಅಂತದೆ.

ಎಲ್ಲಾ ಆ ಡಬ್ಬಿಯಿಂದ. ನನ್ನ ಮದುವೇಲಿ ನಮ್ಮ ಮೇಷ್ಟ್ರಮ್ಮ ಮಂಗಳಗೌರಮ್ಮೋರು ಒಂದು ತಗಡಿನ ಡಬ್ಬಿ ಉಡುಗೊರೆ ಕೊಟ್ರು. ಒಳಗೆ ಹನ್ನೆರಡು ಬಣ್ಣದ ಬಿಲ್ಲೆ, ಎರಡು ಕುಂಚ. ಜೊತೆಗೆ ಒಂದು ಕಟ್ಟು ದಪ್ಪ ಕಾಗದ. "ಚೆಲುವಮ್ಮ, ಚಿತ್ರ ಬರೆಯೋದು ಬಿಡಬೇಡ ಕಣೆ" ಅಂದ್ರು. ಅನ್ನೋದೇನು, ಬಾಯಿದ್ದೋರು ಅಂತಾರೆ. ಹನಗೋಡಿಗೆ ಸೊಸೆಯಾಗಿ ಬಂದು ನೋಡಿದ್ರೆ, ಕೂರಾಕೆ ಜಾಗ ಇದ್ದಾಗ ಹೊತ್ತಿಲ್ಲ, ಹೊತ್ತಿದ್ದಾಗ ಜಾಗ ಇಲ್ಲ.

ಈ ನೀರಿನ ಬಣ್ಣ ಅನ್ನೋದು ನಮ್ಮತ್ತೆಗಿಂತ ಜೋರು. ಕಾಗದ ಒದ್ದೆ ಮಾಡಿ ಆಕಾಶದ ನೀಲಿ ಬುಟ್ಟೆ ಅಂದ್ರೆ ಒಣಗೋದ್ರೊಳಗೆ ಪೂರಾ ಎಳೆದು ಮುಗಿಸ್ಬೇಕು. ನಡುವೆ ಎದ್ದೋದ್ರೆ ಎಲ್ಲಿ ಬುಟ್ಟಿದ್ನೋ ಅಲ್ಲೊಂದು ಗೆರೆ ಕೂತ್ಕತದೆ, ಆಮೇಲೆ ತಲೆ ಕೆಳಗಾದ್ರೂ ಹೋಗಲ್ಲ. ನಾನು ಕುಂಚ ಅದ್ದೋದಕ್ಕೂ, "ಚೆಲ್ವೀ, ಮುದ್ದೆಗೆ ಎಸರಿಡು" ಅಂತ ಒಳಗಿಂದ ಕೂಗೋದಕ್ಕೂ ಅದೇನು ಮಾತಾಡ್ಕೊಂಡಿದ್ವೋ ಕಾಣೆ. ಮೊದಲ ಆರು ತಿಂಗಳಲ್ಲಿ ನಾಲ್ಕು ಕಾಗದ ಹಾಳು ಮಾಡ್ದೆ. ನಾಲ್ಕರಲ್ಲೂ ಆಕಾಶದ ನಡುವೆ ಒಂದು ಗೆರೆ.

ಆಮೇಲೆ ಒಂದ್ಸಲ ಹೊರಗಾದಾಗ ಹೊಳೀತು. ನಮ್ಮನೇಲಿ ಮುಟ್ಟಾದೋರು ಮೂರು ದಿನ ಹಿತ್ತಲ ಕೊಟ್ಟಿಗೇಲಿ ಕೂರ್ಬೇಕು. ಎಲೇಲಿ ಊಟ, ಬೇರೆ ಚೊಂಬು, ಬೇರೆ ಚಾಪೆ. ಒಲೆ ಹಂಗಿಲ್ಲ, ಕಸ ಮುಸುರೆ ಇಲ್ಲ, ಯಾರೂ ಹತ್ರ ಬರಂಗಿಲ್ಲ. ಎದುರಿಗೆ ಲಕ್ಷ್ಮಣತೀರ್ಥ ಹೊಳೆ ತಿರುಗೋ ಜಾಗ, ಒಂದು ಹೊಂಗೆ ಮರ. ಅಯ್ಯೋ ಶಿವನೇ, ಇನ್ನೇನು ಬೇಕು! ಡಬ್ಬಿ ತಗೊಂಡು ಹೋಗಿ ಕೂತೆ. ನಾನು ಮುಟ್ಟಿದ್ದನ್ನ ಯಾರೂ ಮುಟ್ಟಂಗಿಲ್ಲ, ಅದಕ್ಕಿಂತ ಭದ್ರ ಬೇರೆ ಉಂಟಾ? ಚಾಪೆ ಬಟ್ಟೆ ಆದ್ರೆ ಒಗೆದು ಒಳಗೆ ತರಬೌದು, ಕಾಗದ ಒಗೆಯೋದು ಹೆಂಗೆ? ಅದಕ್ಕೇ ಬರೆದ ಚಿತ್ರ ಒಂದೂ ಹೊಸ್ತಿಲು ದಾಟಲಿಲ್ಲ. ಡಬ್ಬೀನೂ ಕೊಟ್ಟಿಗೆ ಗೋಡೆಯ ಗೂಡಲ್ಲೇ ಉಳೀತು. ತಿಂಗಳಿಗೆ ಮೂರು ದಿನ ನನ್ನ ಇಸ್ಕೂಲು. ಉಳಿದ ದಿನ ಎಲ್ಲಾ ಆ ಮೂರು ದಿನ ಕಾಯೋದು.

ನಮ್ಮತ್ತೆ ಚಿಕ್ಕಸಿದ್ದಮ್ಮನೂ ಕಾಯ್ತಿದ್ರು, ಬೇರೇದಕ್ಕೆ. ಮದುವೆಯಾಗಿ ಮೂರು ವರ್ಷ, ನಾನು ಚಾಪೆ ಸುತ್ಕೊಂಡು ಹಿತ್ತಲಿಗೆ ಹೊರಟ ಪ್ರತಿ ತಿಂಗಳೂ ಅವರ ಮೊಕ ಸಣ್ಣಗಾಗ್ತಿತ್ತು. "ಈ ತಿಂಗಳೂ ಹೋಯ್ತಾ" ಅನ್ನೋರು. ನಾನು ತಲೆ ತಗ್ಗಿಸ್ಕೊಂಡು, ಒಳಗೊಳಗೆ ಕುಣೀತಾ ಹೋಗ್ತಿದ್ದೆ. ಪಾಪಿ ನಾನು, ಒಪ್ಕೋತೀನಿ.

ಆ ವರ್ಷ ದೀಪಾವಳಿ ಆದ ಮೂರನೇ ದಿನ ನಮ್ಮೆಜಮಾನ್ರು ಕಾಕನಕೋಟೆ ಕಾಡಿಗೆ ಗಾಡಿ ಕಟ್ಟಿದ್ರು, ಮರ ಸಾಗಿಸೋ ಕೆಲಸ. ಇನ್ನು ಬರೋದು ಶಿವರಾತ್ರಿಗೇ. ಅವರು ಹೋಗಿ ಎಂಟತ್ತು ದಿನಕ್ಕೆ ನಾನು ಹೊರಗಾಗ್ಬೇಕಿತ್ತು. ಆಗಲಿಲ್ಲ. ಒಂದು ದಿನ ಕಾದೆ, ಎರಡು ದಿನ ಕಾದೆ. ಇವತ್ತಲ್ಲ ನಾಳೆ ಆಗೋದೇ ತಾನೆ, ಹೆಂಗಿದ್ರೂ ಕೂರ್ಬೇಕಲ್ಲ ಅಂದ್ಕೊಂಡು ಮುಂಚೇನೇ ಹೋಗಿ ಕೂತ್ಬುಟ್ಟೆ. ಸುಳ್ಳು ಹೇಳಿದೆ ಅಂತ ಅನ್ನಿಸ್ಲೇ ಇಲ್ಲ ಕಣ್ರೀ. ಸ್ವಲ್ಪ ಮುಂಗಡ ಹೇಳಿದೆ, ಅಷ್ಟೆ. ಮೂರು ದಿನ ಹೊಳೆ ಬರೆದು, ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಒಳಗೆ ಬಂದೆ. ಆಮೇಲೂ ಆಗಲಿಲ್ಲ. ಕೊಟ್ಟಿಗೆ ಚಳಿಗೆ ಮೈ ಕಟ್ಟಿರಬೌದು ಅಂದ್ಕೊಂಡೆ. ಮಾರ್ಗಶಿರದಲ್ಲೂ ಅಂಗೇ, ದಿನ ಬಂತು ಅಂತ ಕೂತೆ. ಪುಷ್ಯದಲ್ಲೂ ಕೂತೆ. ನಡುವೆ ವಾಂತಿ. ಕುಂಚದ ತುದಿ ಚೂಪಾಗ್ಲಿ ಅಂತ ಬಾಯಲ್ಲಿಟ್ಟು ಚೀಪೋ ಅಭ್ಯಾಸ ನನಗೆ, ಹಸಿರು ಬಣ್ಣ ಹೊಟ್ಟೆಗೆ ಹೋಗಿದೆ ಅಂತ ಹೆದರಿ ಪುಷ್ಯದ ಮೂರು ದಿನವೂ ಹಸಿರು ಮುಟ್ಟಲಿಲ್ಲ. ಎಂಥಾ ಬುದ್ಧಿವಂತೆ ನೋಡಿ.

ಮಾಘದಲ್ಲಿ ಅತ್ತೆ ಎಣ್ಣೆ ಸ್ನಾನ ಮಾಡಿಸ್ತಿದ್ರು. ಬೆನ್ನುಜ್ಜೋ ಕೈ ಮುಂದಕ್ಕೆ ಬಂದು ಹೊಟ್ಟೆ ಮೇಲೆ ನಿಂತ್ಕೊಂತು.

"ಏಯ್ ಚೆಲ್ವೀ, ನೀನು ಬಸ್ರಿ ಕಣೇ!"

ಅವರ ಮೊಕ ನೋಡ್ಬೇಕಿತ್ತು ನೀವು. ಮೂರು ವರ್ಷದಲ್ಲಿ ಅಂಗೆ ನಕ್ಕಿದ್ದು ನೋಡಿರಲಿಲ್ಲ. ನನ್ನ ಗದ್ದ ಹಿಡ್ಕೊಂಡು, ಸೀಗೆಪುಡಿ ಕೈಯಲ್ಲೇ ದೃಷ್ಟಿ ತೆಗೆದ್ರು. ಆಮೇಲೆ ಆ ನಗು ನಿಧಾನಕ್ಕೆ ಇಳೀತು.

"ಪುಷ್ಯದಲ್ಲಿ ಹೊರಗೆ ಕೂತಿದ್ಯಲ್ಲೇ?"

ನನಗೂ ಆಗಲೇ ತಿಳಿದದ್ದು. ಬಸ್ರಿ ಅನ್ನೋದೂ ಆಗಲೇ, ಏನು ಮಾಡ್ಕೊಂಡೆ ಅನ್ನೋದೂ ಆಗಲೇ. ಖುಷಿ ಪಡಬೇಕೋ ಅಳಬೇಕೋ ಗೊತ್ತಾಗದೆ ತಣ್ಣೀರು ಸುರ್ಕೊಂಡೆ. ಬಚ್ಚಲ ಬಾಗಿಲಲ್ಲಿ ತಿಮ್ಮಮ್ಮ ನಿಂತಿದ್ರು. ನಮ್ಮ ಮಾವನ ತಂಗಿ, ಗಂಡ ಸತ್ತ ಮೇಲೆ ಅಣ್ಣನ ಮನೇಲೇ ಇದ್ದೋರು. ಅವರ ಬೆರಳು ಆಗಲೇ ಎಣಿಸ್ತಿತ್ತು.

"ಬೆಟ್ಟಸ್ವಾಮಿ ಕಾಡಿಗೋಗಿದ್ದು ದೀಪಾವಳೀಲಿ. ಇವಳು ಹೊರಗಾಗಿದ್ದು ಪುಷ್ಯದಲ್ಲಿ. ನಮ್ಮುಡುಗ ಕಾಡಲ್ಲಿ, ಇವಳೊಟ್ಟೇಲಿ ಮಗ! ಅದೆಂಗೆ ಅತ್ಗೆ?"

"ನಾನು ಸುಮ್ನೆ ಕೂತಿದ್ದೆ" ಅಂದೆ. "ಆಗಿರಲಿಲ್ಲ. ಚಿತ್ರ ಬರೆಯಾಕೆ ಕೂತಿದ್ದೆ."

"ಪುಷ್ಯದ ಚಳೀಲಿ? ಸಗಣಿ ಪಕ್ಕದಲ್ಲಿ? ಬೇಕೂ ಅಂತ?" ತಿಮ್ಮಮ್ಮ ನಕ್ಕೇಬುಟ್ರು. ನಿಜ ಹೇಳ್ಬೇಕಂದ್ರೆ, ಬೇರೆ ಯಾರಾದ್ರೂ ಅಂಗೆ ಅಂದಿದ್ರೆ ನಾನೂ ನಗ್ತಿದ್ದೆ. ನಾನು ಆಡಿದ ನಿಜ ನನ್ನ ಕಿವಿಗೇ ಸುಳ್ಳಿನಂಗೆ ಕೇಳ್ತು.

ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಬಚ್ಚಲಲ್ಲಿ, ಹಿತ್ತಲಲ್ಲಿ, ಹೊಳೇಲಿ ಬಟ್ಟೆ ಒಗೀತಾ ಬರೀ ಎಣಿಸ್ತಿದ್ದೆ. ದಸರಾ ಆದ ಮೇಲೆ ನಿಜವಾಗಿ ಆಗಿತ್ತು. ಆಗಿತ್ತು ತಾನೆ? ಕಾರ್ತೀಕದಲ್ಲಿ ಆಗಲಿಲ್ಲ. ಇಲ್ಲ, ಒಂದು ಚೂರು ಆಗಿತ್ತೋ? ಅಷ್ಟು ಸಲ ನಟಿಸಿದ್ನಲ್ಲ, ಯಾವುದು ಆಗಿದ್ದು ಯಾವುದು ಆಡಿದ್ದು ಅಂತ ಕಲಸಿ ಅಂಬಲಿ ಆಗ್ಬುಟ್ಟಿತ್ತು. ನನ್ನ ಮಗು ನನ್ನ ಗಂಡಂದು ಅನ್ನೋದೊಂದು ಗೊತ್ತು. ಅದನ್ನ ತೋರಿಸಾಕೆ ನನ್ನ ಹತ್ರ ಏನೂ ಇರಲಿಲ್ಲ.

ಶಿವರಾತ್ರಿ ಹಿಂದಿನ ದಿನ ಮಧ್ಯಾಹ್ನ ಗಾಡಿ ಬಂತು. ಎತ್ತು ಬಿಚ್ಚಾಕೂ ಬಿಡದೆ ತಿಮ್ಮಮ್ಮ ಎಲ್ಲಾ ಹೇಳಿದ್ರು. "ಗಾಡಿ ಅಂಗೇ ಇರ್ಲಿ ಬೆಟ್ಟ. ಇವಳ್ನ ಕೂರಿಸ್ಕೊಂಡೋಗಿ ಅವರಪ್ಪನ ಮನೇಲಿ ಬುಟ್ಬಾ."

ನಮ್ಮೆಜಮಾನ್ರು ಹಿತ್ತಲಿಗೆ ಬಂದ್ರು. ನಾಲ್ಕು ತಿಂಗಳ ಗಡ್ಡ, ಮೈಯೆಲ್ಲ ಧೂಳು. ಕೋಪ ಇದ್ದಿದ್ರೆ ನಾನೂ ಕೂಗಾಡ್ತಿದ್ದೆ. ಪಾಪ, ಅವರಿಗೂ ಏನೂ ತಿಳೀತಿರಲಿಲ್ಲ.

"ಬಣ್ಣ ಬಳ್ಯಾಕೆ ಹೊರಗೆ ಕೂತಿದ್ದೆ ಅಂತೀಯಲ್ಲ, ನನಗೆ ಅರ್ಥ ಆಗ್ತಿಲ್ಲ. ಮನೆ ಒಳಗೆ ಬಳಿಯಾಕೆ ಏನಾಗಿತ್ತು?"

"ಒಳಗೆ ಒಣಗೋಗ್ತದೆ" ಅಂದೆ.

ಅವರು ನನ್ನನ್ನ ನೋಡಿದ್ರು, ಅವ್ವನ್ನ ನೋಡಿದ್ರು. "ಅವ್ವ, ನೀನೇ ಹೇಳು. ನನಗೆ ತಲೆ ಓಡ್ತಿಲ್ಲ. ಎತ್ತು ಬಿಚ್ಲಾ, ಬ್ಯಾಡ್ವಾ?"

ಅತ್ತೆ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಕೊಟ್ಟಿಗೆ ಹತ್ರ ಬಂದ್ರು.

"ಆ ಮೂರು ತಿಂಗಳು ಆಗಿರಲಿಲ್ಲ ಅಂತೀಯ?"

"ಇಲ್ಲ ಅತ್ತೆ."

"ಆಗಿರಲಿಲ್ಲ ಅಂದ್ರೆ ಆವಾಗ ಬರ್ದಿದ್ದು ಮುಟ್ಟಿಂದಲ್ಲ. ಮಡಿ. ಕೊಡು, ಒಳಗೆ ತಗೊಂಡೋಗಿ ದೇವರ ಗೂಡಿನ ಪಕ್ಕ ಅಂಟಿಸ್ತೀನಿ. ಸುಳ್ಳು ಹೇಳಿ ಮುಟ್ಟಾದ ಕಾಗದ ದೇವರ ಹತ್ರಕ್ಕೆ ಕೊಟ್ರೆ ಆ ಶಿವನೇ ನೋಡ್ಕೋತಾನೆ."

ತಿಮ್ಮಮ್ಮ ಹೌಹಾರಿ ಎರಡು ಹೆಜ್ಜೆ ಹಿಂದೆ ಹೋದ್ರು. ನಾನು ಗೂಡಿಗೆ ಕೈ ಹಾಕಿ ಕಾಗದ ಎಲ್ಲಾ ಈಚೆಗೆ ತೆಗೆದೆ. ಹದಿನಾರು ಇದ್ವು. ಹದಿನಾರರಲ್ಲೂ ಅದೇ ಹೊಳೆ, ಅದೇ ಹೊಂಗೆ ಮರ. ತಾರೀಖು ಹಾಕ್ಬೇಕು ಅಂತ ಮಂಗಳಗೌರಮ್ಮೋರು ಬಡ್ಕೊಂಡಿದ್ರು, ನಾನೆಲ್ಲಿ ಹಾಕ್ದೆ? ನೀರು ನೋಡಿ ಹೇಳಾನ ಅಂದ್ರೆ, ನನಗೆ ತುಂಬಿದ ಹೊಳೆ ಇಷ್ಟ ಅಂತ ಬೇಸಿಗೇಲೂ ತುಂಬಿಸಿಟ್ಟಿದ್ದೆ! ಒಂದನ್ನ ಎತ್ತಿದೆ, ಇದು ಮಾರ್ಗಶಿರ. ಅಲ್ಲ, ಹೋದ ವರ್ಷದ್ದು. ಇನ್ನೊಂದು ಎತ್ತಿದೆ. ಇದರಲ್ಲಿ ಹಸಿರಿಲ್ಲ, ಪುಷ್ಯದ್ದೇ ಇರ್ಬೇಕು. ಅಥವಾ ಹಸಿರು ಬಳಿಯೋದ್ರೊಳಗೆ ಹೊತ್ತು ಮುಳುಗಿತ್ತೋ? ತಪ್ಪು ಕಾಗದ ಕೊಟ್ರೆ ದೇವರಿಗೆ ಮೈಲಿಗೆ. ಕೊಡದೆ ನಿಂತ್ರೆ ಆಚೆ ಗಾಡಿ ಕಟ್ಟೇ ಇದೆ. ಹದಿನಾರನ್ನೂ ನೆಲದ ಮೇಲೆ ಹರವಿ, ಕಣ್ಣು ತುಂಬ್ಕೊಂಡು ಕುಕ್ಕರಗಾಲಲ್ಲಿ ಕೂತ್ಬುಟ್ಟೆ.

ಅತ್ತೆ ಬಗ್ಗಿದ್ರು. ಹಿಂದೆ ನಿಂತೋರಿಗೆ ಅವರ ಬೆನ್ನಷ್ಟೇ ಕಾಣ್ತಿತ್ತು. ನನ್ನ ಕಿವಿ ಹತ್ರ ಬಂದು ಹಲ್ಲು ಕಚ್ಕೊಂಡು ಅಂದ್ರು:

"ಯಾವುದಾದ್ರೂ ಮೂರು ಕೊಡೇ, ಮುಂಡೇದೆ."

ನಾನು ಕೈಗೆ ಸಿಕ್ಕಿದ್ದು ಮೂರು ಕೊಟ್ಟೆ. ನನ್ನ ಕೈಯಿಂದ ಅವರ ಕೈಗೇ ಕೊಟ್ಟೆ. ಅವರು ಅದನ್ನ ಎದೆಗೆ ಒತ್ಕೊಂಡು ಎದ್ದು, ಎಲ್ಲರ ಮುಂದೆ ಹೊಸ್ತಿಲು ದಾಟಿ ಒಳಗೆ ಹೋದ್ರು. ಸ್ನಾನ ಮಾಡಲಿಲ್ಲ, ತೀರ್ಥ ಚಿಮುಕಿಸಲಿಲ್ಲ. ಒಳಗಿಂದ ಕೂಗಿದ್ದು ಇಷ್ಟೇ:

"ಬೆಟ್ಟಾ, ಎತ್ತು ಬಿಚ್ಚಿ ನೀರು ಕುಡಿಸು. ಚೆಲ್ವೀ, ಅಂಟಿಸಾಕೆ ಗಂಜಿ ಕಾಯಿಸು."

ಆಷಾಢ ಕಳೆಯೋ ಹೊತ್ತಿಗೆ ಮಗ ಹುಟ್ಟಿದ. ಪುಷ್ಯದ ಲೆಕ್ಕ ಹಿಡಿದಿದ್ರೆ ದಸರಾವರೆಗೂ ಕಾಯ್ಬೇಕಿತ್ತು. ತಿಮ್ಮಮ್ಮ ಬೆರಳು ಮಡಿಸಿ ಮಡಿಸಿ ಎರಡು ಸಲ ಎಣಿಸಿ, ಮೂರನೇ ಸಲ ಎಣಿಸದೆ ಬಾಣಂತಿ ಖಾರ ಕುಟ್ಟಾಕೆ ಎದ್ದೋದ್ರು. ಆಗ ಎಲ್ಲರಿಗೂ ನನ್ನ ಮಾತು ನಿಜ ಅಂತ ಗೊತ್ತಾಯ್ತು, ಸರಿ. ಆದ್ರೆ ಅತ್ತೆ ಆ ಕಾಗದ ಮುಟ್ಟಿದ್ದು ಶಿವರಾತ್ರೀಲಿ. ಆವಾಗ ಅವರಿಗೆ ಏನು ಗೊತ್ತಿತ್ತು? ನನ್ನನ್ನ ನಂಬಿದ್ರೋ, ನಂಬದೇನೇ ಬಸ್ರಿ ಹೆಂಗಸನ್ನ ಗಾಡಿ ಹತ್ತಿಸ್ಬಾರದು ಅಂದ್ಕೊಂಡ್ರೋ, ಇಲ್ಲ ಮೊಮ್ಮಗನ ಆಸೆಗೋ? ಕೇಳಾಕೆ ನನಗೆ ಧೈರ್ಯ ಬರಲೇ ಇಲ್ಲ. ಮೂರು ಚಿತ್ರ ಗೂಡಿನ ಪಕ್ಕ ಹೊಗೆ ಹಿಡ್ಕೊಂಡು ಕೂತವೆ. ಅದರಲ್ಲಿ ಎಷ್ಟು ಮಡಿ ಎಷ್ಟು ಮೈಲಿಗೆ ಅಂತ ದಿನಾ ದೀಪ ಹಚ್ಚೋವಾಗ ಅನ್ನಿಸ್ತದೆ.

ಮಗ ಮೊಲೆ ಬಿಡೋವರೆಗೂ ನಾನು ಹೊರಗಾಗಲಿಲ್ಲ. ಎರಡು ವರ್ಷ ಡಬ್ಬಿ ಮುಟ್ಟಲಿಲ್ಲ. ಬಣ್ಣದ ಬಿಲ್ಲೆ ಬಿರುಕು ಬಿಟ್ಟಿದ್ವು. ಒಂದಿನ ಬೆಳಿಗ್ಗೆ ಚಾಪೆ ಸುತ್ಕೊಂಡು ಹಿತ್ತಲ ಬಾಗಿಲಿಗೆ ಬಂದೆ. ಅತ್ತೆ ಮಗೂನ ಸೊಂಟಕ್ಕೆ ಏರಿಸ್ಕೊಂಡು ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ನಾನು ಏನಾದ್ರೂ ಅನ್ನೋದ್ರೊಳಗೆ ಅವರೇ ಕೈ ಅಡ್ಡ ಹಿಡಿದ್ರು.

"ಹೇಳ್ಬೇಡ. ನಿಜ ಆದ್ರೆ ಮೂರು ದಿನ ಬುಟ್ಟು ಬಾ. ಸುಳ್ಳಾದ್ರೆ ಹೊತ್ತು ಮುಳುಗೋದ್ರೊಳಗೆ ಬಾ, ಇವನು ಅಳ್ತಾನೆ."

ನಾನು ಚೊಂಬಿಗೆ ನೀರು ತುಂಬಿಸ್ಕೊಂಡು ಕೊಟ್ಟಿಗೆಗೆ ಹೋದೆ. ಆ ದಿನ ಆಕಾಶ ಗೆರೆ ಇಲ್ದಂಗೆ ಬಂತು.